ಆರೆಂಜ್‌ಬರ್ಗ್, 1968: ಗುಂಡೇಟು ತಿಂದವರ ಮಾತಿಗೆ 33 ವರ್ಷ ತಡ

1968ರ ಫೆಬ್ರವರಿ 8ರ ರಾತ್ರಿ, ಸುಮಾರು ಹತ್ತೂವರೆ ಗಂಟೆ. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಆರೆಂಜ್‌ಬರ್ಗ್ ಪಟ್ಟಣದಲ್ಲಿ ಹೈವೇ ಪೊಲೀಸರು ಕಪ್ಪು ವಿದ್ಯಾರ್ಥಿಗಳ ಗುಂಪೊಂದರ ಮೇಲೆ ಗುಂಡು ಹಾರಿಸಿದರು. ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಮುಗಿಯಿತು. ಮೂವರು ಹುಡುಗರು ಸತ್ತರು. ಸ್ಯಾಮ್ಯುಯೆಲ್ ಹ್ಯಾಮಂಡ್ ಮತ್ತು ಹೆನ್ರಿ ಸ್ಮಿತ್ ಅಲ್ಲಿನ ಸೌತ್ ಕೆರೊಲಿನಾ ಸ್ಟೇಟ್ ಕಾಲೇಜಿನಲ್ಲಿ ಓದುತ್ತಿದ್ದರು. ಡೆಲಾನೊ ಮಿಡಲ್ಟನ್ ಇನ್ನೂ ಹೈಸ್ಕೂಲು ಹುಡುಗ, ವಯಸ್ಸು 17. ಅವನ ತಾಯಿ ಆ ಕಾಲೇಜಿನಲ್ಲೇ ಕೆಲಸಕ್ಕಿದ್ದರು. ಗಾಯಗೊಂಡವರು 28 ಜನ ಅಂತ ಈಗಿನ ಹೆಚ್ಚಿನ ಬರಹಗಳು ಹೇಳುತ್ತವೆ. ಹಳೆಯ ಕೆಲವು ಬರಹಗಳಲ್ಲಿ 27 ಅಂತಿದೆ.

ಗಾಯಗೊಂಡು ಬದುಕುಳಿದವರಲ್ಲಿ ಎಂಟು ಜನರ ಮಾತುಗಳು ಮೌಖಿಕ ಇತಿಹಾಸವಾಗಿ, ಅಂದರೆ ಕಂಡು ಅನುಭವಿಸಿದವರ ಬಾಯಿಂದಲೇ ಕೇಳಿ ದಾಖಲಿಸಿದ ಇತಿಹಾಸವಾಗಿ, ಸಾರ್ವಜನಿಕರ ಮುಂದೆ ಬಂದದ್ದು 2001ರಲ್ಲಿ. ನಡುವೆ 33 ವರ್ಷ ಕಳೆದಿತ್ತು. ಆ ವರ್ಷಗಳಲ್ಲಿ ಕಥೆ ಹೇಳುವ ಹಕ್ಕು ಯಾರ ಕೈಯಲ್ಲಿತ್ತು? ತಡವಾಗಿ ಸಿಕ್ಕ ಮಾತಿನಿಂದ ಏನು ಬದಲಾಯಿತು? ಇನ್ನೂ ಯಾರನ್ನು ಕೇಳಬೇಕಿದೆ? ವಿದ್ಯಾರ್ಥಿ ಚಳವಳಿಗಳ ನೆನಪನ್ನು ಕಾಪಾಡುವ ಕೆಲಸ ಮಾಡುವವರೆಲ್ಲ ಈ ಒಂದು ಪ್ರಕರಣವನ್ನು ಕೂತು ಓದಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಮೌಖಿಕ ಇತಿಹಾಸ ಏನು ಮಾಡಬಲ್ಲದು, ತಡವಾದರೆ ಏನು ಕಳೆದುಹೋಗುತ್ತದೆ ಅನ್ನುವುದು ಇಲ್ಲಿ ಎದ್ದು ಕಾಣುತ್ತದೆ.

ಬೌಲಿಂಗ್ ಅಂಗಣದಿಂದ ಶುರುವಾದದ್ದು

ಆರೆಂಜ್‌ಬರ್ಗ್‌ನಲ್ಲಿ ಆಲ್-ಸ್ಟಾರ್ ಬೌಲಿಂಗ್ ಲೇನ್ ಅಂತ, ಚೆಂಡು ಉರುಳಿಸಿ ಮರದ ಗೂಟಗಳನ್ನು ಬೀಳಿಸುವ ಆಟದ ಜಾಗ ಒಂದು ಇತ್ತು. ಮಾಲೀಕ ಹ್ಯಾರಿ ಫ್ಲಾಯ್ಡ್. ಅಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ. 1964ರ ನಾಗರಿಕ ಹಕ್ಕು ಕಾಯ್ದೆ ಬಂದು ಮೂರೂವರೆ ವರ್ಷ ಆಗಿತ್ತು. ಹೋಟೆಲು, ಊಟದ ಕೌಂಟರು, ಸಿನಿಮಾ ಮಂದಿರಗಳಲ್ಲಿ ಬಣ್ಣ ನೋಡಿ ಜನರನ್ನು ಹೊರಗಿಡುವುದು ಕಾನೂನಿಗೆ ವಿರುದ್ಧವಾಗಿತ್ತು. ಆದರೆ ಆ ಕಾಯ್ದೆ ತನ್ನ ಅಂಗಣಕ್ಕೆ ಅನ್ವಯಿಸುವುದಿಲ್ಲ ಅಂತ ಮಾಲೀಕ ಹಟ ಹಿಡಿದಿದ್ದ. ಊರಿನಲ್ಲಿ ಎರಡು ಕಪ್ಪು ವಿದ್ಯಾಸಂಸ್ಥೆಗಳು ಅಕ್ಕಪಕ್ಕದಲ್ಲೇ ಇದ್ದವು: ಸೌತ್ ಕೆರೊಲಿನಾ ಸ್ಟೇಟ್ ಮತ್ತು ಕ್ಲಾಫ್ಲಿನ್. ಸಾವಿರಾರು ಯುವಕರಿದ್ದ ಊರಿನಲ್ಲಿ ಸಂಜೆ ಆಡಲು ಇದ್ದ ಒಂದು ಜಾಗದ ಬಾಗಿಲೂ ಅವರಿಗೆ ಮುಚ್ಚಿತ್ತು.

ಫೆಬ್ರವರಿ 5ರಂದು ಜಾನ್ ಸ್ಟ್ರೋಮನ್ ಎಂಬ ವಿದ್ಯಾರ್ಥಿಯ ಮುಂದಾಳತ್ವದಲ್ಲಿ ಒಂದು ಗುಂಪು ಒಳಗೆ ಹೋಯಿತು. ಮರುದಿನ ಮತ್ತೆ ಹೋಯಿತು. ಆ ದಿನ ಕೆಲವರ ಬಂಧನವಾಯಿತು. ಸುದ್ದಿ ತಿಳಿದು ಕಾಲೇಜಿನಿಂದ ಇನ್ನಷ್ಟು ಜನ ಬಂದರು. ನೂಕುನುಗ್ಗಲಾಯಿತು, ಲಾಠಿ ಬೀಸಿತು. ಹುಡುಗಿಯರಿಗೂ ಏಟು ಬಿದ್ದವು. ಎರಡು ದಿನ ಊರು ಕುದಿಯಿತು. ನ್ಯಾಷನಲ್ ಗಾರ್ಡ್ ಸೈನಿಕರು ಬಂದರು, ಹೈವೇ ಪೊಲೀಸರು ಬಂದರು. 8ರ ರಾತ್ರಿ ವಿದ್ಯಾರ್ಥಿಗಳು ಕಾಲೇಜಿನ ಮುಂದಿನ ರಸ್ತೆಯಲ್ಲಿ ಬೆಂಕಿ ಹಾಕಿದರು. ಅದನ್ನು ಆರಿಸಲು ಅಗ್ನಿಶಾಮಕ ವಾಹನ ಬಂತು, ಅದರ ರಕ್ಷಣೆಗೆ ಪೊಲೀಸರು ಮುಂದೆ ಬಂದರು. ಯಾರೋ ಎಸೆದ ಮರದ ತುಂಡು ಒಬ್ಬ ಪೊಲೀಸನ ಮುಖಕ್ಕೆ ಬಡಿಯಿತು. ಅದಾಗಿ ಕೆಲವು ನಿಮಿಷಗಳ ನಂತರ ಶಾಟ್‌ಗನ್‌ಗಳು ಸಿಡಿದವು.

ಈ ಊರಿಗೆ ವಿದ್ಯಾರ್ಥಿ ಚಳವಳಿ ಹೊಸದಾಗಿರಲಿಲ್ಲ. 1960ರ ಮಾರ್ಚ್‌ನಲ್ಲೇ ಇಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳು ಊಟದ ಕೌಂಟರುಗಳ ತಾರತಮ್ಯದ ವಿರುದ್ಧ ಮೆರವಣಿಗೆ ಹೊರಟಿದ್ದರು. ಆ ಚಳಿಯಲ್ಲಿ ಅವರ ಮೇಲೆ ಅಗ್ನಿಶಾಮಕ ಕೊಳವೆಯಿಂದ ನೀರು ಬಿಟ್ಟರು, ಅಶ್ರುವಾಯು ಸಿಡಿಸಿದರು. ಮುನ್ನೂರೈವತ್ತಕ್ಕೂ ಜಾಸ್ತಿ ಜನರನ್ನು ಹಿಡಿದರು. ಸೆರೆಮನೆಯಲ್ಲಿ ಜಾಗ ಸಾಲದೆ ಹಲವರನ್ನು ಒದ್ದೆ ಬಟ್ಟೆಯಲ್ಲೇ ಬಯಲಿನ ದೊಡ್ಡಿಯಲ್ಲಿ ಕೂಡಿಹಾಕಿದರು. 1968ರಲ್ಲಿ ಬೌಲಿಂಗ್ ಅಂಗಣಕ್ಕೆ ಹೋದ ಹುಡುಗರ ಹಿಂದೆ ಇಷ್ಟು ಚರಿತ್ರೆ ಇತ್ತು. 'ಹೊರಗಿನವರು ಬಂದು ಕೆರಳಿಸಿದರು' ಅಂತ ಆಮೇಲೆ ಅಧಿಕಾರದಲ್ಲಿದ್ದವರು ಹೇಳಿದ ಮಾತನ್ನು ತೂಗಿ ನೋಡುವಾಗ ಇದು ನೆನಪಿರಬೇಕು.

ಮೊದಲು ಓಡಿದ ಕಥೆ

ಆ ರಾತ್ರಿ ಕತ್ತಲೆ. ಟಿವಿ ಕ್ಯಾಮೆರಾಗಳಿಗೆ ಸಿಕ್ಕ ಚಿತ್ರ ಇಲ್ಲವೇ ಇಲ್ಲ ಅನ್ನಬಹುದು. ಮೊದಲು ಹೊರಬಿದ್ದ ಸುದ್ದಿಯಲ್ಲಿ ಎರಡೂ ಕಡೆಯಿಂದ ಗುಂಡಿನ ಚಕಮಕಿ ನಡೆಯಿತು ಅಂತಿತ್ತು. ಮರುದಿನ ಗವರ್ನರ್ ರಾಬರ್ಟ್ ಮೆಕ್‌ನೇರ್ ಪತ್ರಕರ್ತರ ಮುಂದೆ 'ಬ್ಲ್ಯಾಕ್ ಪವರ್', ಅಂದರೆ ಕಪ್ಪು ಜನರ ಕೈಗೆ ಅಧಿಕಾರ ಬರಬೇಕು ಅನ್ನುವ ಚಳವಳಿಯ ಪ್ರಚಾರಕರನ್ನು ದೂರಿದರು. ಗುಂಡು ಹಾರಿದ್ದು ಕಾಲೇಜಿನ ಆವರಣದ ಹೊರಗೆ ಅಂತ ಹೇಳಿದರು. ವಿದ್ಯಾರ್ಥಿಗಳು ಬಿದ್ದದ್ದು ಆವರಣದ ಒಳಗೆ.

ಈ ಕಥೆಯನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನ ವರದಿಗಾರ ಜಾಕ್ ನೆಲ್ಸನ್ ಒಬ್ಬರು. ಅವರು ಆಸ್ಪತ್ರೆಗೆ ಹೋಗಿ ಗಾಯಾಳುಗಳ ವೈದ್ಯಕೀಯ ದಾಖಲೆ ನೋಡಿದರು. ಹೆಚ್ಚಿನವರಿಗೆ ಗುಂಡು ತಗುಲಿದ್ದು ಬೆನ್ನಿಗೆ, ಪಕ್ಕೆಗೆ. ಕೆಲವರಿಗೆ ಅಂಗಾಲಿಗೆ. ಅಂಗಾಲಿಗೆ ಚರೆ ಹೊಕ್ಕಿದೆ ಅಂದರೆ ಆ ಹುಡುಗ ಓಡುತ್ತಿದ್ದ, ಇಲ್ಲವೇ ನೆಲಕ್ಕೆ ಬಿದ್ದು ತೆವಳುತ್ತಿದ್ದ. ಮುಂದೆ ನುಗ್ಗಿ ಬರುವವನ ಅಂಗಾಲು ಎದುರಿನವನ ಬಂದೂಕಿಗೆ ಕಾಣುವುದು ಹೇಗೆ? ಊರಿನ ಛಾಯಾಗ್ರಾಹಕ ಸೆಸಿಲ್ ವಿಲಿಯಮ್ಸ್ ಮರುದಿನ ಬೆಳಿಗ್ಗೆ ಆ ಜಾಗಕ್ಕೆ ಹೋಗಿ ಪೊಲೀಸರು ಸಿಡಿಸಿದ್ದ ಖಾಲಿ ತೋಟಾಗಳನ್ನು ಆಯ್ದು ತಂದರು. ಕಾಗದದ ಸಾಕ್ಷಿ, ಲೋಹದ ಸಾಕ್ಷಿ ಎರಡೂ ಮೊದಲ ದಿನದಿಂದಲೇ ಇದ್ದವು.

ಆದರೂ ಸುಳ್ಳು ಸುದ್ದಿಯೇ ಮುಂದೆ ಓಡಿತು. ವಿಯೆಟ್ನಾಮಿನಲ್ಲಿ ಟೆಟ್ ದಾಳಿ ನಡೆಯುತ್ತಿದ್ದ ಹೊತ್ತು ಅದು, ಪತ್ರಿಕೆಗಳ ಮುಖಪುಟ ಅದರಿಂದಲೇ ತುಂಬಿತ್ತು. ಎರಡು ತಿಂಗಳೊಳಗೆ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು. 1970ರ ಮೇ ತಿಂಗಳಲ್ಲಿ ಒಹಾಯೊದ ಕೆಂಟ್ ಸ್ಟೇಟ್‌ನಲ್ಲಿ ನಾಲ್ವರು ಬಿಳಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದಾಗ ಇಡೀ ದೇಶ ಅಲುಗಾಡಿತು. ಅದಕ್ಕೆ ಎರಡು ವರ್ಷ ಮೊದಲೇ ಆರೆಂಜ್‌ಬರ್ಗ್ ಆಗಿದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ಕೆಂಟ್ ಸ್ಟೇಟ್‌ನ ಮೌಖಿಕ ಇತಿಹಾಸ ಯೋಜನೆ 1990ರಲ್ಲಿ, ಇಪ್ಪತ್ತನೇ ವರ್ಷದ ಸ್ಮರಣೆಯ ಹೊತ್ತಿಗೇ ಶುರುವಾಯಿತು. ಮೊದಲು ನಡೆದ ಘಟನೆಯ ಸರದಿ ಅದಕ್ಕಿಂತ ಹನ್ನೊಂದು ವರ್ಷ ತಡವಾಗಿ ಬಂತು. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ. ಬರಬೇಕು ಕೂಡ.

ನ್ಯಾಯಾಲಯದಲ್ಲಿ ಏನಾಯಿತು ನೋಡಿ. ಒಂಬತ್ತು ಪೊಲೀಸರ ಮೇಲೆ ಕೇಂದ್ರ ಸರ್ಕಾರ ಮೊಕದ್ದಮೆ ಹೂಡಿತು. 1969ರಲ್ಲಿ ಎಲ್ಲರೂ ಖುಲಾಸೆಯಾದರು. ಆ ಇಡೀ ಪ್ರಕರಣದಲ್ಲಿ ಜೈಲಿಗೆ ಹೋದವರು ಒಬ್ಬರೇ: ಕ್ಲೀವ್‌ಲ್ಯಾಂಡ್ ಸೆಲ್ಲರ್ಸ್. ಅವರು ಪಕ್ಕದ ಡೆನ್ಮಾರ್ಕ್ ಊರಿನವರು. ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯ, ಅಂದರೆ ಎಸ್‌ಎನ್‌ಸಿಸಿ ಅನ್ನುವ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಎಲ್ಲರೂ 'ಸ್ನಿಕ್' ಅಂತ ಕರೆಯುತ್ತಿದ್ದ ಸಂಘಟನೆಯ ಕಾರ್ಯಕರ್ತ. ಆ ರಾತ್ರಿ ಅವರಿಗೂ ಗುಂಡು ತಗುಲಿತ್ತು. ಚಿಕಿತ್ಸೆಗೆ ಆಸ್ಪತ್ರೆಗೆ ಹೋದಾಗ ಅಲ್ಲೇ ಬಂಧಿಸಿದರು. 1970ರಲ್ಲಿ ದೊಂಬಿಯ ಆರೋಪದಲ್ಲಿ ಶಿಕ್ಷೆಯಾಯಿತು. ಅದೂ ಗುಂಡು ಹಾರಿದ ರಾತ್ರಿಯ ಬಗ್ಗೆ ಅಲ್ಲ, ಎರಡು ದಿನ ಮುಂಚೆ ಬೌಲಿಂಗ್ ಅಂಗಣದ ಬಳಿ ನಡೆದದ್ದಕ್ಕೆ. ಏಳು ತಿಂಗಳು ಒಳಗಿದ್ದರು. ರಾಜ್ಯ ಅವರಿಗೆ ಕ್ಷಮಾದಾನ ಕೊಟ್ಟದ್ದು 1993ರಲ್ಲಿ.

ಗುಂಡೇಟು ತಿಂದವನೇ ಜೈಲಿಗೆ ಹೋದ ಮೇಲೆ ಉಳಿದವರು ಬಾಯಿ ಬಿಡುವುದು ಹೇಗೆ? ಅಲ್ವಾ? ಗಾಯಾಳುಗಳಲ್ಲಿ ಹೆಚ್ಚಿನವರು ಹತ್ತೊಂಬತ್ತು ಇಪ್ಪತ್ತರ ಆಸುಪಾಸಿನ ಪ್ರಾಯದವರು. ಮುಂದೆ ಪದವಿ ಮುಗಿಸಬೇಕಿತ್ತು, ಕೆಲಸ ಹುಡುಕಬೇಕಿತ್ತು. ಆ ರಾತ್ರಿ ತಾನಲ್ಲಿದ್ದೆ ಅಂತ ಹೇಳಿಕೊಳ್ಳುವುದೇ ತನ್ನ ಮೇಲೆ ಆರೋಪ ಎಳೆದುಕೊಂಡಂತೆ ಇದ್ದ ಕಾಲ ಅದು. ವಿದ್ಯಾರ್ಥಿಗಳು ತಾವಾಗಿಯೇ ಸುಮ್ಮನಾದರು ಅಂತ ಹೇಳುವುದು ಸರಿಯಲ್ಲ. ಸುಮ್ಮನಿರುವುದೇ ಕ್ಷೇಮ ಅನ್ನುವ ಸ್ಥಿತಿಯನ್ನು ಬೇರೆಯವರು ತಂದಿಟ್ಟಿದ್ದರು.

ಕೇಳುವ ವಿದ್ಯೆ ಆಗಲೇ ಇತ್ತು

1968ರಲ್ಲಿ ಮೌಖಿಕ ಇತಿಹಾಸ ಅನ್ನುವ ವಿಧಾನವೇ ಇರಲಿಲ್ಲ, ಅದಕ್ಕೇ ತಡವಾಯಿತು ಅಂತ ಯಾರಾದರೂ ಸಮಾಧಾನ ಹೇಳಬಹುದು. ಆದರೆ ಹಾಗಿರಲಿಲ್ಲ. 1965ರ ಬೇಸಿಗೆಯಲ್ಲೇ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೇಡಿಯೊ ಕೆಜೆಡ್‌ಎಸ್‌ಯು ಕಡೆಯಿಂದ ಕೆಲವು ವಿದ್ಯಾರ್ಥಿಗಳು ಟೇಪ್ ರೆಕಾರ್ಡರ್ ಹಿಡಿದು ದಕ್ಷಿಣದ ರಾಜ್ಯಗಳನ್ನು ಸುತ್ತಿದರು. ಚಳವಳಿಯಲ್ಲಿದ್ದ ತಮ್ಮದೇ ವಯಸ್ಸಿನವರನ್ನು, ಊರಿನ ಜನರನ್ನು ಮಾತಾಡಿಸಿದರು. ವಾಷಿಂಗ್ಟನ್ನಿನಲ್ಲಿ 1967ರಲ್ಲಿ ಶುರುವಾದ ನಾಗರಿಕ ಹಕ್ಕು ದಾಖಲೆ ಯೋಜನೆ ನೂರಾರು ಸಂದರ್ಶನಗಳನ್ನು ಸಂಗ್ರಹಿಸಿತು. ಅವು ಈಗ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಬಂಚ್ ಹೆಸರಿನ ಸಂಗ್ರಹವಾಗಿವೆ. ಘಟನೆ ಬಿಸಿಯಾಗಿರುವಾಗಲೇ ಕೇಳಬೇಕು ಅನ್ನುವ ಅರಿವು ಜನರಲ್ಲಿತ್ತು, ಯಂತ್ರಗಳೂ ಇದ್ದವು.

ಇನ್ನೂ ಚುಚ್ಚುವ ಸಂಗತಿ ಬೇರೆಯಿದೆ. ಆರೆಂಜ್‌ಬರ್ಗ್ ಘಟನೆಯ ಒಬ್ಬ ಮುಖ್ಯ ವ್ಯಕ್ತಿಯ ಮೌಖಿಕ ಇತಿಹಾಸ 1980ರ ದಶಕದ ಆರಂಭದಲ್ಲೇ ಧ್ವನಿಮುದ್ರಣವಾಗಿ ರಾಜ್ಯದ ದಾಖಲೆ ಇಲಾಖೆಯನ್ನು ಸೇರಿತು. ಆ ವ್ಯಕ್ತಿ ಗವರ್ನರ್ ಮೆಕ್‌ನೇರ್. ಅಧಿಕಾರದಲ್ಲಿದ್ದವರ ನೆನಪುಗಳನ್ನೂ ಸಂಗ್ರಹಿಸಬೇಕು, ಅದರಲ್ಲಿ ತಪ್ಪೇನಿಲ್ಲ. ಅವರು ಅಂದು ಏನು ಯೋಚಿಸಿದರು ಅನ್ನುವುದು ಇತಿಹಾಸಕ್ಕೆ ಬೇಕೇ ಬೇಕು. ಆದರೆ ಮೌಖಿಕ ಇತಿಹಾಸ ಅಂದ ಕೂಡಲೇ ಅದು ದನಿ ಇಲ್ಲದವರ ದನಿ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮೈಕು ಯಾರ ಮುಂದೆ ಇಡುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ. ಇಲ್ಲಿ ಮೈಕು ಮೊದಲು ಗವರ್ನರ್ ಮುಂದೆ ಹೋಯಿತು. ಬೆನ್ನಿನಲ್ಲಿ ಚರೆ ಹೊತ್ತವರ ಮುಂದೆ ಬರಲು ಮತ್ತೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ವಿದ್ಯಾರ್ಥಿಗಳು ಮೊದಲೂ ಮಾತಾಡಿದ್ದರಲ್ಲ, ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ್ದರಲ್ಲ ಅನ್ನಬಹುದು. ಹೌದು. ಆದರೆ ನ್ಯಾಯಾಲಯದ ಮಾತು ವಕೀಲರ ಪ್ರಶ್ನೆಯ ಅಳತೆಗೆ ಕತ್ತರಿಸಿದ ಮಾತು. ಎಲ್ಲಿ ನಿಂತಿದ್ದೆ, ಕೈಯಲ್ಲಿ ಏನಿತ್ತು, ಎಷ್ಟು ಗುಂಡಿನ ಸದ್ದು ಕೇಳಿತು: ಅಷ್ಟೇ. ನೀನು ಯಾಕೆ ಆ ರಾತ್ರಿ ಹೊರಗೆ ಬಂದೆ, ಊರಿಗೆ ಹೋದ ಮೇಲೆ ಮನೆಯವರು ಏನಂದರು, ಮುಂದೆ ಹೇಗೆ ಬದುಕಿದೆ ಅಂತ ಯಾವ ವಕೀಲನೂ ಕೇಳುವುದಿಲ್ಲ. ಕೇಳಿದರೆ ಎದುರು ಪಕ್ಷದವರು ಆಕ್ಷೇಪ ಎತ್ತುತ್ತಾರೆ.

2001ರ ಫೆಬ್ರವರಿ

ಕಾಲೇಜು ಪ್ರತಿ ವರ್ಷ ಫೆಬ್ರವರಿ 8ರಂದು ಸ್ಮರಣೆ ಮಾಡುತ್ತ ಬಂದಿತ್ತು. 2001ರಲ್ಲಿ ಗವರ್ನರ್ ಜಿಮ್ ಹಾಜಸ್ ಆ ಕಾರ್ಯಕ್ರಮಕ್ಕೆ ಬಂದರು. ಹಾಗೆ ಬಂದ ಮೊದಲ ಗವರ್ನರ್ ಅವರು. ಅದೇ ದಿನ ಬದುಕುಳಿದ ಎಂಟು ಜನರ ಮೌಖಿಕ ಇತಿಹಾಸವನ್ನು ಸ್ಮರಣೆಯ ಭಾಗವಾಗಿ ಹೇಳಲಾಯಿತು. ಅಷ್ಟು ವರ್ಷದ ಸ್ಮರಣೆಗಳಲ್ಲಿ ಬದುಕುಳಿದವರನ್ನು ಗುರುತಿಸಿ ಗೌರವಿಸಿದ್ದು ಅದೇ ಮೊದಲು.

ಇದು ಸಣ್ಣ ಸಂಗತಿ ಅಲ್ಲ. ಸತ್ತವರಿಗೆ ಕಲ್ಲು ಇತ್ತು, ಅವರ ಹೆಸರಿನಲ್ಲಿ ಕಟ್ಟಡ ಇತ್ತು. ಸತ್ತ ಮೂವರ ಹೆಸರು ಪ್ರತಿ ವರ್ಷ ಓದುತ್ತಿದ್ದರು, ಓದಲೇಬೇಕಿತ್ತು. ಆದರೆ ಮೈಯಲ್ಲಿ ಸೀಸ ಇಟ್ಟುಕೊಂಡೇ ಮನೆ, ಮಕ್ಕಳು, ಕೆಲಸ ಅಂತ ಬದುಕು ಸಾಗಿಸಿದವರು ಅದೇ ಸಭೆಯಲ್ಲಿ ಕೂತಿದ್ದರೂ ಅವರನ್ನು ಯಾರೂ ಗುರುತಿಸಿರಲಿಲ್ಲ.

ಸಂದರ್ಶನ ಮಾಡಿದ ಜಾಕ್ ಬಾಸ್ 1968ರಲ್ಲಿ ಇದೇ ಘಟನೆಯನ್ನು ವರದಿ ಮಾಡಿದ್ದ ಪತ್ರಕರ್ತ. 2001ರ ಹೊತ್ತಿಗೆ ಕಾಲೇಜ್ ಆಫ್ ಚಾರ್ಲ್ಸ್‌ಟನ್‌ನಲ್ಲಿ ಪಾಠ ಮಾಡುತ್ತಿದ್ದರು. ಬದುಕುಳಿದವರಲ್ಲೊಬ್ಬರು ಅವರ ಮುಂದೆ ಹೇಳಿದ ಮಾತಿನ ಸಾರ ಇಷ್ಟು: ಅಲ್ಲಿ ಇರದ ಹೊರಗಿನವರ ಬದಲು, ಅಲ್ಲೇ ಇದ್ದ ನಮಗೆ ಮಾತಾಡಲು ಬಿಟ್ಟಿದ್ದೀರಲ್ಲ, ಅದೇ ಸಂತೋಷ. ನಿಜವಾಗಿ ಏನಾಯಿತು ಅಂತ ಹೇಳುವವರು ನಾವು.

ಆ ಮಾತಿನಲ್ಲಿ ದೂರಿಲ್ಲ, ಆದರೆ ಲೆಕ್ಕ ಇದೆ. 33 ವರ್ಷ ಹೊರಗಿನವರು ಮಾತಾಡಿದ್ದಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಂದರ್ಶನ ಮಾಡುವವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ಎದುರಿಗೆ ಕೂತವರು ಬರೀ ಮಾಹಿತಿ ಕೊಡಲು ಬಂದಿಲ್ಲ. ತಮ್ಮ ಮೇಲೆ ಬಿದ್ದ ಹಳೆಯ ಕಥೆಯೊಂದನ್ನು ತೆಗೆದುಹಾಕಲು ಬಂದಿದ್ದಾರೆ. ಹಾಗಾಗಿ ಪ್ರಶ್ನೆಪಟ್ಟಿ ಹಿಡಿದು ಅವಸರ ಮಾಡುವುದು ಅಲ್ಲಿ ನಡೆಯುವುದಿಲ್ಲ. ಮೊದಲು ಅವರು ಹೇಳಬೇಕೆಂದು ಇಟ್ಟುಕೊಂಡದ್ದನ್ನು ಪೂರ್ತಿ ಹೇಳಲು ಬಿಡಬೇಕು. ನಮ್ಮ ಪ್ರಶ್ನೆ ಆಮೇಲೆ.

ಎರಡು ವರ್ಷದ ನಂತರ, 2003ರಲ್ಲಿ, ಗವರ್ನರ್ ಮಾರ್ಕ್ ಸ್ಯಾನ್‌ಫರ್ಡ್ ರಾಜ್ಯದ ಪರವಾಗಿ ಕ್ಷಮೆ ಕೇಳಿದರು. ಎಂಟು ಜನರ ಮಾತು ಕೇಳಿಯೇ ಕ್ಷಮೆ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಬದುಕುಳಿದವರು ಮುಖ ತೋರಿಸಿ, ಹೆಸರು ಹೇಳಿ ಮಾತಾಡಿದ ಮೇಲೆ 'ಗುಂಡಿನ ಚಕಮಕಿ' ಅನ್ನುವ ಹಳೆಯ ಮಾತಿಗೆ ಸಾರ್ವಜನಿಕವಾಗಿ ನಿಲ್ಲಲು ಜಾಗ ಉಳಿಯಲಿಲ್ಲ.

ಲೆಕ್ಕಕ್ಕೆ ಸಿಗದ ಗಾಯಗಳು

ಮೌಖಿಕ ಇತಿಹಾಸ ಹೆಚ್ಚು ಬೆಲೆ ಬಾಳುವುದು ಸರ್ಕಾರಿ ಪಟ್ಟಿಗೆ ಸೇರದ ಸಂಗತಿಗಳಲ್ಲಿ. ಆ ರಾತ್ರಿ ಒಬ್ಬ ಗರ್ಭಿಣಿ ಯುವತಿ ಗಾಯಾಳುಗಳನ್ನು ಕಾರಿನಲ್ಲಿ ಆಸ್ಪತ್ರೆಗೆ ಸಾಗಿಸುತ್ತಿದ್ದರು. ಪೊಲೀಸರು ಅವರನ್ನು ತಡೆದು ಹೊಡೆದರು. ಕೆಲವು ದಿನಗಳಲ್ಲಿ ಗರ್ಭಪಾತವಾಯಿತು. ಅವರಿಗೆ ಗುಂಡು ತಗುಲಿಲ್ಲ. ಹಾಗಾದರೆ ಗಾಯಾಳುಗಳ ಪಟ್ಟಿಯಲ್ಲಿ ಅವರು ಇದ್ದಾರೋ ಇಲ್ಲವೋ? 27ಕ್ಕೂ 28ಕ್ಕೂ ನಡುವಿನ ವ್ಯತ್ಯಾಸ ಎಲ್ಲಿಂದ ಬಂದಿರಲಿ, ಯಾರನ್ನು ಗಾಯಾಳು ಅಂತ ಎಣಿಸುತ್ತೇವೆ ಅನ್ನುವುದು ಬರೀ ಅಂಕಿಯ ಪ್ರಶ್ನೆ ಅಲ್ಲ. ಆಸ್ಪತ್ರೆಯ ಕಾಗದ ಚರೆಯನ್ನು ಎಣಿಸುತ್ತದೆ. ಆ ತಾಯಿಯ ನಷ್ಟ ಎಣಿಕೆಗೆ ಬರಬೇಕಾದರೆ ಯಾರಾದರೂ ಕೂತು ಕೇಳಲೇಬೇಕು.

ಡೆಲಾನೊ ಮಿಡಲ್ಟನ್ ಕಾಲೇಜು ವಿದ್ಯಾರ್ಥಿಯೇ ಅಲ್ಲ. ಆದರೆ ಊರಿನ ಹೈಸ್ಕೂಲು ಹುಡುಗರಿಗೆ ಆ ಕಾಲೇಜಿನ ಅಂಗಳ ಆಡುವ, ಓಡಾಡುವ ಜಾಗ. ವಿದ್ಯಾರ್ಥಿ ಚಳವಳಿ ಅಂದರೆ ಕಾಲೇಜಿನ ಗುರುತಿನ ಚೀಟಿ ಇದ್ದವರು ಮಾತ್ರ ಅಂತ ಗೆರೆ ಎಳೆದು ಸಂದರ್ಶನದ ಪಟ್ಟಿ ಮಾಡಿದರೆ ಇಂಥ ಹುಡುಗರ ಗೆಳೆಯರು, ಅಡುಗೆಮನೆಯ ಕೆಲಸದವರು, ವಸತಿನಿಲಯ ನೋಡಿಕೊಳ್ಳುತ್ತಿದ್ದ ಹೆಂಗಸರು ಎಲ್ಲ ಹೊರಗೇ ಉಳಿಯುತ್ತಾರೆ.

ನೆನಪು ತಪ್ಪಿದರೆ?

ಈ ಪ್ರಶ್ನೆಯನ್ನು ದಾಟಿಕೊಂಡು ಹೋಗುವ ಹಾಗಿಲ್ಲ. 33 ವರ್ಷದ ಹಿಂದಿನ, ಅದೂ ಕತ್ತಲೆಯಲ್ಲಿ ಪ್ರಾಣಭಯದಲ್ಲಿ ಕಂಡದ್ದನ್ನು ಜನ ಒಂದೇ ಥರ ಹೇಳುವುದಿಲ್ಲ. ಗುಂಡಿನ ಸದ್ದು ಎಷ್ಟು ಹೊತ್ತು ಇತ್ತು ಅಂದರೆ ಒಬ್ಬರಿಗೆ ಕ್ಷಣ, ಇನ್ನೊಬ್ಬರಿಗೆ ನಿಮಿಷಗಟ್ಟಲೆ.

ಇಟಲಿಯ ಟೆರ್ನಿ ಎಂಬ ಉಕ್ಕಿನ ಊರಿನಲ್ಲಿ ಮೌಖಿಕ ಇತಿಹಾಸಕಾರ ಅಲೆಸ್ಸಾಂಡ್ರೊ ಪೊರ್ಟೆಲ್ಲಿ ಕಂಡುಕೊಂಡದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. 1949ರಲ್ಲಿ ಅಲ್ಲಿ ನ್ಯಾಟೊ ವಿರೋಧಿ ಮೆರವಣಿಗೆಯಲ್ಲಿ ಲುಯಿಜಿ ಟ್ರಾಸ್ಟುಲ್ಲಿ ಎಂಬ ಯುವ ಕಾರ್ಮಿಕ ಪೊಲೀಸರಿಂದ ಸತ್ತ. ಆದರೆ ಊರಿನ ಎಷ್ಟೋ ಜನ ಆ ಸಾವು 1953ರಲ್ಲಿ, ಸಾವಿರಾರು ಕಾರ್ಮಿಕರನ್ನು ಕೆಲಸದಿಂದ ತೆಗೆದಾಗ ನಡೆದ ಹೋರಾಟದಲ್ಲಿ ಆಯಿತು ಅಂತಲೇ ನೆನಪಿಟ್ಟುಕೊಂಡಿದ್ದರು. ಪೊರ್ಟೆಲ್ಲಿ ಇದನ್ನು ಬರೀ ತಪ್ಪು ಅಂತ ತಳ್ಳಿಹಾಕಲಿಲ್ಲ. ಜನರಿಗೆ ಯಾವುದು ದೊಡ್ಡ ಗಾಯವಾಗಿತ್ತು ಅನ್ನುವುದನ್ನು ಆ ತಪ್ಪೇ ತೋರಿಸಿತು ಅಂತ ವಿವರಿಸಿದರು. ಹಾಗೆ ವಿವರಿಸಲು ಸಾಧ್ಯವಾದದ್ದು ಸರಿಯಾದ ದಿನಾಂಕ ಕಾಗದದಲ್ಲಿ ಇದ್ದದ್ದರಿಂದ. ನೆನಪನ್ನೂ ಕಾಗದವನ್ನೂ ಎದುರುಬದುರು ಇಟ್ಟು ನೋಡಿದಾಗಲೇ ಎರಡರ ಗುಣವೂ ತಿಳಿಯುವುದು.

ಆರೆಂಜ್‌ಬರ್ಗ್‌ನಲ್ಲಿ ಮಾತ್ರ ಆಶ್ಚರ್ಯ ಎಂಬಂತೆ ಪಾತ್ರ ತಿರುಗಿದೆ. ಅಧಿಕಾರಿಗಳ ಹೇಳಿಕೆ ತಪ್ಪಾಗಿತ್ತು. ಬದುಕುಳಿದವರ ನೆನಪೂ ವೈದ್ಯಕೀಯ ದಾಖಲೆಯೂ ಒಂದಕ್ಕೊಂದು ಹೊಂದಿಕೊಂಡವು. 'ನಾವು ತಿರುಗಿ ಓಡುತ್ತಿದ್ದೆವು' ಅನ್ನುವ ನೆನಪಿನ ಪಕ್ಕದಲ್ಲಿ ಬೆನ್ನಿನ ಗಾಯದ ವಿವರ ಇಟ್ಟರೆ, ನೆನಪು ನಂಬಲರ್ಹವಲ್ಲ ಅನ್ನುವ ವಾದ ಅಲ್ಲಿ ನಿಲ್ಲುವುದಿಲ್ಲ. ಅದಕ್ಕೇ ನಾನು ಹೇಳುವುದು, ಧ್ವನಿಮುದ್ರಣವನ್ನು ಒಂಟಿಯಾಗಿ ಇಡಬೇಡಿ. ಅದರ ಜೊತೆಗೆ ನ್ಯಾಯಾಲಯದ ಕಡತ, ಅಂದಿನ ಪತ್ರಿಕೆ, ಆ ಜಾಗದ ನಕ್ಷೆ, ಛಾಯಾಚಿತ್ರ ಎಲ್ಲ ಒಂದೇ ಕಡೆ ಸಿಗಬೇಕು.

ಇದನ್ನು ಚೆನ್ನಾಗಿ ಮಾಡಿದ ಮಾದರಿಯೊಂದು ನೆರೆಯ ನಾರ್ತ್ ಕೆರೊಲಿನಾದಲ್ಲಿದೆ. ಸ್ನಿಕ್‌ನ ಹಳೆಯ ಕಾರ್ಯಕರ್ತರು ಕಟ್ಟಿಕೊಂಡ ಸ್ನಿಕ್ ಲೆಗಸಿ ಪ್ರಾಜೆಕ್ಟ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯ ಸೇರಿ 2016ರಲ್ಲಿ ಎಸ್‌ಎನ್‌ಸಿಸಿ ಡಿಜಿಟಲ್ ಗೇಟ್‌ವೇ ಎಂಬ ಸಂಗ್ರಹವನ್ನು ತೆರೆದರು. ಅಲ್ಲಿ ಹಳೆಯ ಕಾರ್ಯಕರ್ತರು ಬರೀ ಸಂದರ್ಶನ ಕೊಟ್ಟು ಎದ್ದು ಹೋಗಲಿಲ್ಲ. ಏನು ಸೇರಬೇಕು, ಹೇಗೆ ಬರೆಯಬೇಕು ಅನ್ನುವ ತೀರ್ಮಾನದಲ್ಲೇ ಕೂತರು. ಅದೇ ವರ್ಷ ಅವರು ಕೆಲವರನ್ನು ಒಂದೇ ಮೇಜಿನ ಸುತ್ತ ಕೂರಿಸಿದರು: ಅಂದಿನ ಕಾರ್ಯಕರ್ತರು, ಇತಿಹಾಸಕಾರರು, ಮುಂದೆ ಅಂದಿನ ಕಾಗದಪತ್ರ. ಒಬ್ಬರು ಹೀಗಾಯಿತು ಅಂದರೆ ಇನ್ನೊಬ್ಬರು ಇಲ್ಲ, ಆ ಸಭೆಯಲ್ಲಿ ನಾನೂ ಇದ್ದೆ ಅನ್ನುತ್ತಾರೆ. ಕಾಗದ ತೆಗೆದು ನೋಡುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಬಾರದ ವಿವರ ಹೀಗೆ ಹೊರಬರುತ್ತದೆ. ಈ ವಿಧಾನ ಮೊದಲು ಬೆಳೆದದ್ದು ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಅಧ್ಯಯನದಲ್ಲಿ, ಮಂತ್ರಿಗಳನ್ನೂ ಸೇನಾಧಿಕಾರಿಗಳನ್ನೂ ಎದುರುಬದುರು ಕೂರಿಸಿದಾಗ. ದೊಡ್ಡ ದೇಶಗಳ ನಾಯಕರಿಗೆಂದು ಹುಟ್ಟಿದ ಪದ್ಧತಿಯನ್ನು ಹಳ್ಳಿಹಳ್ಳಿಯಲ್ಲಿ ಮತದಾರರ ನೋಂದಣಿ ಮಾಡಿದ ಸ್ನಿಕ್ ಕಾರ್ಯಕರ್ತರಿಗೆ ಬಳಸಿದ್ದು ನನಗೆ ತುಂಬ ಇಷ್ಟವಾದ ಸಂಗತಿ.

ಧ್ವನಿ ಮುದ್ರಿಸಿಕೊಂಡ ಮೇಲಿನ ಕೆಲಸ

ಜಾಸ್ತಿ ಯೋಜನೆಗಳು ಸೋಲುವುದು ಇಲ್ಲೇ. ಸಂದರ್ಶನ ಮುಗಿದ ದಿನ ಎಲ್ಲರಿಗೂ ಹುರುಪು. ಆಮೇಲೆ ಟೇಪುಗಳು ಕಪಾಟು ಸೇರುತ್ತವೆ. ಮ್ಯಾಗ್ನೆಟಿಕ್ ಟೇಪಿನ ಅಂಟು ವರ್ಷ ಕಳೆದಂತೆ ತೇವ ಹೀರಿ ಜಿಗುಟಾಗುತ್ತದೆ. ಓಡಿಸಲು ಹೋದರೆ ಧ್ವನಿ ಇರುವ ಪದರವೇ ಕಿತ್ತುಬರುತ್ತದೆ. ಕಂಪ್ಯೂಟರ್ ಕಡತವೂ ಚಿರಂಜೀವಿಯಲ್ಲ. ಸಂಕುಚಿಸದ ಮೂಲ ಕಡತ ಒಂದು, ಅದರ ಪ್ರತಿ ಬೇರೆ ಬೇರೆ ಊರಿನಲ್ಲಿ, ಕೆಲವು ವರ್ಷಕ್ಕೊಮ್ಮೆ ತೆರೆದು ನೋಡುವ ಶಿಸ್ತು: ಇಷ್ಟಿಲ್ಲದಿದ್ದರೆ ಧ್ವನಿ ಮುದ್ರಿಸಿಯೂ ಉಳಿಸಿಕೊಂಡಂತಾಗುವುದಿಲ್ಲ.

ಎರಡು ಗಂಟೆಯ ಧ್ವನಿಯಲ್ಲಿ ಬೇಕಾದ ಎರಡು ನಿಮಿಷ ಸಿಗದಿದ್ದರೆ ಯಾರೂ ಕೇಳುವುದಿಲ್ಲ. ಕೆಂಟಕಿ ವಿಶ್ವವಿದ್ಯಾಲಯದ ನನ್ ಕೇಂದ್ರ ಇದಕ್ಕೆಂದೇ ಓಎಚ್‌ಎಂಎಸ್ ಎಂಬ ಉಚಿತ ತಂತ್ರಾಂಶ ಮಾಡಿದೆ. ವಿಷಯ ಬದಲಾದ ಕಡೆಯೆಲ್ಲ ಗುರುತು ಹಾಕಿಟ್ಟರೆ ಕೇಳುಗ ನೇರ ಅಲ್ಲಿಗೇ ಹೋಗಬಹುದು. ಬರಹಕ್ಕೆ ಇಳಿಸುವಾಗ ಒಂದು ಎಚ್ಚರ ಬೇಕು. ದಕ್ಷಿಣದ ಕಪ್ಪು ಜನರ ಆಡುಮಾತನ್ನು ಶಾಲೆಯ ಇಂಗ್ಲಿಷಿಗೆ ತಿದ್ದಬಾರದು, ಹಾಗೆಯೇ ಉಚ್ಚಾರವನ್ನು ಅಣಕಿಸುವ ಕಾಗುಣಿತವನ್ನೂ ಬಳಸಬಾರದು. ಅವರು ಕಟ್ಟಿದ ವಾಕ್ಯ ಅವರದೇ ಆಗಿ ಉಳಿಯಬೇಕು.

ಒಪ್ಪಿಗೆ ಪತ್ರದ ವಿಷಯದಲ್ಲಿ ಹುಸಿ ಭರವಸೆ ಕೊಡಬಾರದು. ಬಾಸ್ಟನ್ ಕಾಲೇಜಿನ ಬೆಲ್‌ಫಾಸ್ಟ್ ಯೋಜನೆಯಲ್ಲಿ ಉತ್ತರ ಐರ್ಲೆಂಡಿನ ಹಳೆಯ ಹೋರಾಟಗಾರರಿಗೆ, ನೀವು ಬದುಕಿರುವವರೆಗೂ ಟೇಪು ಹೊರಬರುವುದಿಲ್ಲ ಅಂತ ಮಾತು ಕೊಟ್ಟಿದ್ದರು. 2011ರಲ್ಲಿ ಸಮನ್ಸ್ ಬಂತು, ಕೊನೆಗೆ ಕೆಲವು ಟೇಪುಗಳು ಪೊಲೀಸರ ಕೈ ಸೇರಿದವು. ಗುಂಡೇಟಿನ, ಸಾವಿನ ಪ್ರಕರಣದಲ್ಲಿ ಮಾತಾಡುವವರಿಗೆ ನ್ಯಾಯಾಲಯ ಕೇಳಿದರೆ ಇದನ್ನು ತಡೆಯಲು ನಮ್ಮಿಂದ ಆಗದು ಅಂತ ಮೊದಲೇ ನೇರವಾಗಿ ಹೇಳಬೇಕು. ಕೇಳಿದ ಮೇಲೆ ಕೆಲವರು ಹಿಂದೆ ಸರಿಯಬಹುದು. ಸರಿಯಲಿ. ಮೋಸದಿಂದ ಪಡೆದ ಸಾಕ್ಷಿಗಿಂತ ಅದೇ ಮೇಲು.

ಮುಂದೆ ಯಾರು

2009ರಲ್ಲಿ ಅಮೆರಿಕದ ಕಾಂಗ್ರೆಸ್ ನಾಗರಿಕ ಹಕ್ಕು ಇತಿಹಾಸ ಯೋಜನೆಗೆ ಕಾನೂನು ಮಾಡಿತು. ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಸ್ಮಿತ್‌ಸೋನಿಯನ್ ಸೇರಿ ನೂರಕ್ಕೂ ಹೆಚ್ಚು ವೀಡಿಯೊ ಸಂದರ್ಶನ ಮಾಡಿದವು. ಕ್ಲೀವ್‌ಲ್ಯಾಂಡ್ ಸೆಲ್ಲರ್ಸ್ ಅವರ ಮಾತು 2013ರಲ್ಲಿ ಹಾಗೆ ದಾಖಲಾಯಿತು. ಒಳ್ಳೆಯದೇ ಆಯಿತು. ಆದರೆ ಹೆಸರಾದವರ ಮಾತು ಮತ್ತೆ ಮತ್ತೆ ದಾಖಲಾಗುತ್ತದೆ. ಅವರೂ ಹೇಳಿ ಹೇಳಿ ಒಂದು ಜಾಡಿಗೆ ಬಿದ್ದಿರುತ್ತಾರೆ. ಒಂದೇ ಸಲ, ಅದೂ ಯಾರಾದರೂ ಕೇಳಿದರೆ ಮಾತ್ರ ಹೇಳುವವರು ಬೇರೆ ಇದ್ದಾರೆ.

2022ರ ಫೆಬ್ರವರಿಯಲ್ಲಿ ಕಾಲೇಜಿನ ಆವರಣದಲ್ಲಿ ಆ ಮೂವರು ಹುಡುಗರ ಕಂಚಿನ ಪ್ರತಿಮೆಗಳು ಬಂದವು. ಸೆಸಿಲ್ ವಿಲಿಯಮ್ಸ್ ತಮ್ಮ ಚಿತ್ರಗಳಿಗಾಗಿ ಅದೇ ಊರಿನಲ್ಲಿ ವಸ್ತುಸಂಗ್ರಹಾಲಯ ಕಟ್ಟಿದ್ದಾರೆ. 1968ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಂಬತ್ತರ ಹತ್ತಿರ. ಇವತ್ತು ಕೆಲಸ ಶುರುಮಾಡುವವರಿಗೆ ನಾನು ಹೇಳುವ ಕ್ರಮ ಹೀಗೆ. ಗುಂಡು ತಗುಲಿಯೂ 2001ರ ಎಂಟು ಜನರಲ್ಲಿ ಸೇರದವರು ಮೊದಲು. ನಂತರ ಸ್ನೇಹಿತರನ್ನು ಎತ್ತಿಕೊಂಡು ಓಡಿದವರು, ಕಾರು ಓಡಿಸಿದವರು. ಆ ರಾತ್ರಿ ಕಾಲೇಜಿನ ಚಿಕಿತ್ಸಾಲಯದಲ್ಲಿ, ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ದಾದಿಯರು. ಬೌಲಿಂಗ್ ಅಂಗಣದ ಬಾಗಿಲಲ್ಲಿ ಏಟು ತಿಂದ ಹುಡುಗಿಯರು. 6ರ ಮಂಗಳವಾರದ ಏಟನ್ನು 8ರ ಗುರುವಾರದ ಸಾವುಗಳು ಮರೆಮಾಡಿದ್ದರಿಂದ ಅವರನ್ನು ಕೇಳಿದವರು ಕಡಿಮೆ.

ಪೊಲೀಸರನ್ನೂ ನ್ಯಾಷನಲ್ ಗಾರ್ಡ್ ಸೈನಿಕರನ್ನೂ ಕೇಳಬೇಕು. ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಅಂದು ಅಲ್ಲಿ ಡಜನ್‌ಗಟ್ಟಲೆ ಹೈವೇ ಪೊಲೀಸರಿದ್ದರು, ಹೆಚ್ಚಿನವರು ಗುಂಡು ಹಾರಿಸಲೇ ಇಲ್ಲ. ಪಕ್ಕದವನು ಟ್ರಿಗರ್ ಒತ್ತಿದಾಗ ಒತ್ತದೆ ನಿಂತವನು ಏನು ಕಂಡ, ಯಾರ ಆದೇಶ ಕೇಳಿಸಿಕೊಂಡ? ಒಂಬತ್ತು ಜನರ ಹೇಳಿಕೆ ವಿಚಾರಣೆಯ ಕಡತದಲ್ಲಿದೆ, ಅದು ಆರೋಪಿಗಳ ಹೇಳಿಕೆ. ಗುಂಡು ಹಾರಿಸದೆ ನಿಂತವರಿಗೆ ತಮ್ಮನ್ನು ಸಮರ್ಥಿಸಿಕೊಳ್ಳುವ ಅಗತ್ಯ ಇಲ್ಲ. ಅವರಿಗೂ ಈಗ ವಯಸ್ಸಾಗಿದೆ. ಅವರ ಮನೆ ಬಾಗಿಲಿಗೆ ಹೋಗುವವರು ಬಿಳಿಯರ ಮೌನ ಚೆನ್ನಾಗಿ ಬಲ್ಲ ಅದೇ ರಾಜ್ಯದವರಾದರೆ ಒಳ್ಳೆಯದು. ಈ ವರ್ಷವೇ ಹೋಗಬೇಕು.